ಹಳೆಯ ಹೋಟೆಲುಗಳ ನಾಮಫಲಕ

ಲಿಂಗಸುಗೂರಿನಿಂದ ಮಸ್ಕಿಯ ಮಾರ್ಗವಾಗಿ ಸಿಂಧನೂರಿಗೆ ಸಾಗುವ ಹಾದಿಯಲ್ಲಿ ಹಿಂದೆ ಹಸಿದ ಪಯಣಿಗನನ್ನು ಮೊದಲು ಕರೆಯುತ್ತಿದ್ದುದು ಹೋಟೆಲಿನ ತಗಡಿನ ಫಲಕ. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ, ಅಕ್ಷರಕ್ಕೊಂದು ಕಪ್ಪು ನೆರಳು. ಒಂದು ಮೂಲೆಯಲ್ಲಿ ಹಬೆಯಾಡುವ ಚಹಾದ ಕಪ್ಪು-ಬಸಿ, ಇನ್ನೊಂದರಲ್ಲಿ ಮಾಲಕನ ಮನೆದೇವರು. ಒಳಗೆ ಗಲ್ಲೆಯ ಹಿಂದಿನ ಗೋಡೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಬರಹ. ವಾಣಿಜ್ಯಶಾಸ್ತ್ರದ ಎಷ್ಟೋ ಪುಟಗಳು ಆ ನಾಲ್ಕು ಶಬ್ದಗಳಲ್ಲಿ ಅಡಗಿದ್ದವೆಂದರೆ ಅತಿಶಯೋಕ್ತಿಯಾಗದು. ಮಿರ್ಚಿ ಭಜಿ, ಸೂಸಲದ ರುಚಿ ಮರೆತವರಿಗೂ ಆ ಫಲಕಗಳ ನೆನಪಿದೆ.

ಯಂತ್ರದಲ್ಲಿ ಅಚ್ಚಾಗುವ ಫ್ಲೆಕ್ಸ್ ಬಂದ ಬಳಿಕ ಕುಂಚದಿಂದ ಬರೆಯುತ್ತಿದ್ದವರ ಕೈ ಬರಿದಾಯಿತು. 2016ರಲ್ಲಿ ರಾಜ್ಯ ಸರ್ಕಾರ ಫ್ಲೆಕ್ಸನ್ನೂ ಒಳಗೊಂಡು ಪ್ಲಾಸ್ಟಿಕ್ಕನ್ನು ನಿಷೇಧಿಸಿತಾದರೂ, ಹೋದ ಕಸುಬು ಮರಳಲಿಲ್ಲ. ಈ ಹಂಬಲ ನಮ್ಮವರಿಗಷ್ಟೇ ಸೀಮಿತವೂ ಅಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯಾದ ಡೌನಿ ಎಂಬ ಊರಿನಲ್ಲಿ 1953ರ ಮೆಕ್‌ಡೊನಾಲ್ಡ್ಸ್ ಕಟ್ಟಡವೊಂದನ್ನು, ಅದರ ಹಳೆಯ ಕಮಾನುಗಳೊಡನೆ, ‘ಸ್ಪೀಡಿ’ ಎಂಬ ಬೊಂಬೆಯ ಫಲಕದೊಡನೆ, ಹಳೆಯ ಪ್ರೇಮಿಗಳು ಒತ್ತಾಯ ಮಾಡಿ ಉಳಿಸಿಕೊಂಡಿದ್ದಾರೆ.

ಆದರೆ ನೆನಪು ಬಣ್ಣವನ್ನು ಕಾಪಾಡಿದಷ್ಟು ನಿಷ್ಠೆಯಿಂದ ಅಕ್ಷರಗಳನ್ನು ಕಾಪಾಡುವುದಿಲ್ಲ. ಆ ಫಲಕಗಳ ಮೇಲೆ ಬರೆದುದನ್ನೂ ಒಮ್ಮೆ ಓದಬೇಕಷ್ಟೆ. ದಕ್ಷಿಣ ಭಾರತದ ಎಷ್ಟೋ ಫಲಹಾರ ಮಂದಿರಗಳು ಒಂದು ಕಾಲಕ್ಕೆ ಜಾತಿಯ ಹೆಸರನ್ನೇ ಹೊತ್ತಿದ್ದವು. ಬೆಂಗಳೂರಿನ ಸುಪ್ರಸಿದ್ಧ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಆರಂಭವಾದಾಗ ಅದರ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಇಂದಿನ ಹೆಸರು ಬಂದದ್ದು 1960ರಲ್ಲಿ. ಕೆಲವು ಕಡೆ ಹೆಸರಿನ ಜೊತೆಗೆ ಪಂಕ್ತಿಯೂ ಬೇರೆಯಾಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದ ಅಂಗಡಿ, ಹೋಟೆಲುಗಳ ಪ್ರವೇಶಕ್ಕೆ ಜಾತಿಯ ತಡೆ ಇರಕೂಡದೆಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅಂಥ ತಡೆಗೆ ಶಿಕ್ಷೆ ವಿಧಿಸಿತು. ಫಲಕ ಬದಲಾಯಿತು. ಫಲಕವೇ ಇಲ್ಲದ ಹಳ್ಳಿಯ ಚಹಾದಂಗಡಿಯಲ್ಲಿ ಮಾತ್ರ ಬೇರೆ ಲೋಟ ಹೊರಗಿನ ಗೂಟಕ್ಕೆ ಬಹುಕಾಲ ತೂಗಿತು. ಅದನ್ನು ಯಾರೂ ಬಣ್ಣದಲ್ಲಿ ಬರೆಯಬೇಕಾಗಿರಲಿಲ್ಲ.

ಹಾಗೆಂದು ಹಳೆಯದೆಲ್ಲವನ್ನೂ ಅಳಿಸಬೇಕೆನ್ನುವುದು ಅವಿವೇಕ. ಉತ್ತರ ಕರ್ನಾಟಕದ ಖಾನಾವಳಿಗಳ ಮೇಲೆ ಇಂದಿಗೂ ಕಾಣುವ ಕುಲನಾಮ ಬಹುಮಟ್ಟಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿಗಳ ಸಸ್ಯಾಹಾರದ ಸೂಚನೆಯಾಗಿ ಉಳಿದಿದೆ. ಬಾಗಿಲಲ್ಲಿ ನಿಂತು ಯಾರ ಕುಲವನ್ನೂ ಕೇಳುವುದಿಲ್ಲ. ಇಲ್ಲೊಂದು ಸೂಕ್ಷ್ಮ ಭೇದವಿದೆ. ವರ್ತಕನ ಫಲಕ ಪಾತ್ರೆಯಲ್ಲಿ ಏನಿದೆಯೆಂದು ಹೇಳಬಹುದು, ಹೇಳಲೇಬೇಕು. ಕಂದಮೂಲ ವರ್ಜಿಸುವ ಶ್ರಾವಕನಿಗೆ, ಅಹಿಂಸಾವ್ರತಿಗೆ ಅದೇ ಆಧಾರ. ಪೊಟ್ಟಣದ ಆಹಾರದ ಮೇಲೆ ಕಡ್ಡಾಯವಾದ ಹಸಿರು ಚುಕ್ಕೆ ಮಾಡುವ ಕೆಲಸವೂ ಇದೇ. ಆದರೆ ತಟ್ಟೆಯ ಮುಂದೆ ಕುಳಿತವನು ಯಾರೆಂದು ಹೇಳುವ ಅಧಿಕಾರ ಫಲಕಕ್ಕಿಲ್ಲ. ಸರಕಿನ ಸತ್ಯ ಬೇರೆ, ಗಿರಾಕಿಯ ತೂಕ ಬೇರೆ. ‘ಶುದ್ಧ’ ಎಂಬ ಒಂದೇ ಶಬ್ದ ಎರಡನ್ನೂ ಹೊತ್ತು ತಿರುಗಿತೆಂಬುದೇ ಹಳೆಯ ಫಲಕಗಳ ತೊಡಕು.

ಈ ಮಾರ್ಗದ ಅತಿ ಪ್ರಾಚೀನ ಫಲಕ ಯಾವ ಹೋಟೆಲಿನದೂ ಅಲ್ಲ. ಮಸ್ಕಿಯ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆದಿರುವ ಆ ಶಾಸನ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿತ್ತು. ‘ದೇವಾನಂಪಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರೂ ಅದರಲ್ಲಿ ದೊರೆತುದರಿಂದ ಚರಿತ್ರಕಾರರು ಅದನ್ನು ಬಲ್ಲರು. ಅದರ ಒಳಗಿನ ಮಾತು ಅಷ್ಟಾಗಿ ಪ್ರಚಾರ ಪಡೆದಿಲ್ಲ: ಧರ್ಮದಲ್ಲಿ ನಿರತನಾದರೆ ಕ್ಷುದ್ರನೂ ಈ ಫಲವನ್ನು ಪಡೆಯಬಲ್ಲನು, ಇದು ದೊಡ್ಡವರಿಗೆ ಮಾತ್ರ ಸಲ್ಲುವುದೆಂದು ಎಣಿಸಬಾರದು ಎಂಬುದು ಅದರ ತಾತ್ಪರ್ಯ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೀರಿ ಹಳೆಯದಾದ ಆ ಬರಹದ ಊರಿನಲ್ಲೇ ಬಸ್ಸುಗಳು ನಿಲ್ಲುತ್ತವೆ, ಇಳಿದವರು ಚಹಾ ಕುಡಿದು ಸಿಂಧನೂರಿನ ಕಡೆಗೆ ಮುಂದುವರಿಯುತ್ತಾರೆ.