ತಾರಸಿಯ ಮೇಲಿನವರು, ಕೆಳಗಿನವರು

ತಾರಸಿ ಸೋರುತ್ತೆ ಅಂದರೆ ಸಾಹೇಬರು ಬಂದು ನೋಡೋದು ಹನಿ ಬೀಳೋ ಜಾಗವನ್ನು. ನಾವು ಮೇಲೆ ಹತ್ತುತ್ತೇವೆ. ನೀರು ಕಳ್ಳ. ನುಗ್ಗೋದು ಒಂದು ಕಡೆ, ತೊಟ್ಟಿಕ್ಕೋದು ಇನ್ನೊಂದು ಕಡೆ. ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಸಾಕು, ಹತ್ತಡಿ ಆಚೆ ಮಲಗಿದ ಹುಡುಗನ ಚಾಪೆ ನೆನೆಯುತ್ತದೆ.

ನಾವು ಗಾರೆ ಕೆಲಸದವರು. ಸರ್ಕಾರಿ ಶಾಲೆ, ಆಸ್ಪತ್ರೆ, ಹಾಸ್ಟೆಲ್ಲು, ಎಲ್ಲಾ ಕಡೆ ಜನ ಒಳಗಿರುವಾಗಲೇ ನಾವು ಮೇಲೆ ಉಳಿ ಹಿಡಿಯಬೇಕು. ಅವರನ್ನು ಎಲ್ಲಿಗೆ ಕಳಿಸೋದು ಸ್ವಾಮಿ? ಒಣಗಿದ ಇನ್ನೊಂದು ಸೂರಿದ್ದಿದ್ದರೆ ಆ ಮಕ್ಕಳು ಹಾಸ್ಟೆಲ್ಲಿಗೆ ಯಾಕೆ ಬರುತ್ತಿದ್ದರು? ಅವರಲ್ಲಿ ನಮ್ಮ ಕೇರಿಯ ಮಕ್ಕಳೂ ಇದ್ದಾರೆ.

ಮೈಸೂರು, ಬೆಂಗಳೂರಿನ ಹಳೇ ಕಟ್ಟಡಗಳ ಮೇಲೆ ಮದ್ರಾಸ್ ತಾರಸಿ ಇನ್ನೂ ಕಾಣುತ್ತದೆ. ಮರದ ತೊಲೆ, ಅದರ ಮೇಲೆ ಮಗ್ಗುಲಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಮೇಲೆ ಸುಣ್ಣ ಇಟ್ಟಿಗೆಚೂರಿನ ಗಾರೆ. ಬೆಲ್ಲದ ನೀರು, ಅಳಲೆಕಾಯಿ ನೀರು ಚಿಮುಕಿಸಿ ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿದದ್ದು. ಬಾಗಿಲ ಕಲ್ಲಿನಲ್ಲಿ ಉದ್ಘಾಟನೆ ಮಾಡಿದವರ ಹೆಸರಿದೆ.

ಈಗಿನದು ಸಿಮೆಂಟು ಕಂಬಿಯ ತಾರಸಿ. ಒಳಗೆ ತೇವ ಇಳಿದರೆ ಕಂಬಿಗೆ ತುಕ್ಕು. ತುಕ್ಕಾದ ಕಬ್ಬಿಣಕ್ಕೆ ಮೊದಲಿನ ಎರಡು ಪಟ್ಟಿಗೂ ಮೀರಿ ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನೇ ಕೆಳಕ್ಕೆ ತಳ್ಳುತ್ತದೆ. ಬೀಳೋದು ಮಲಗಿದವರ ಮೇಲೆ.

ಮೊನ್ನೆ ಮುಂಗಾರಿನಲ್ಲಿ ಒಂದು ಹಾಸ್ಟೆಲ್ಲಿಗೆ ಹೋದಾಗ ಕಂತ್ರಾಟುದಾರ ಅಂದ: "ಡಾಂಬರು ಬಳಿದು ಇಳೀರೋ, ಬಿಲ್ ಆಗುತ್ತೆ." ಬಾಂಡ್ಲಿ ಹೊರುತ್ತಿದ್ದ ನಮ್ಮ ದೊಡ್ಡವ್ವ ಕೇಳಿದಳು: "ಒಳಗೆ ಕೀವು ಇಟ್ಕಂಡು ಮ್ಯಾಲೆ ಬಣ್ಣ ಬಳುದ್ರೆ ಗಾಯ ಮಾಯ್ತದಾ ಸಾಮಿ?" ಹೆಣ್ಣಾಳಿಗೂ ಗಂಡಾಳಿಗೂ ಸಮಾನ ಕೂಲಿ ಅಂತ 1976ರಲ್ಲೇ ಕಾನೂನು ಬಂತು. ಅವಳ ಕೈಗೆ ಅವತ್ತೂ ಕಮ್ಮಿಯೇ ಬಿತ್ತು.

ಕೆಲಸ ಸುಮ್ಮನೆ ಆಗೋದಿಲ್ಲ. ಮೊದಲು ಆ ಕೋಣೆಯ ಮಕ್ಕಳನ್ನು ಪಕ್ಕದ ಕೋಣೆಗೆ ಕಳಿಸಬೇಕು, ಕೆಳಗಿನಿಂದ ಮರದ ಆಸರೆ ಕೊಡಬೇಕು. ಆಮೇಲೆ ಉಳಿ. ತಟ್ಟಿದರೆ ಟೊಳ್ಳು ಸದ್ದು ಬರೋ ಕಡೆಯೆಲ್ಲ ಕೆತ್ತಿ ತೆಗೆಯಬೇಕು. ಕಂಬಿಯ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಬೇಕು, ಸವೆದ ಕಡೆ ಹೊಸ ಕಂಬಿ ಸೇರಿಸಬೇಕು. ಮೇಲ್ಗಡೆ, ಸಂಜೆಯೊಳಗೆ ಮುಚ್ಚಲಾಗುವಷ್ಟನ್ನೇ ಬೆಳಿಗ್ಗೆ ಬಿಚ್ಚಬೇಕು. ಮಾರ್ಚಿಯಲ್ಲಿ ದುಡ್ಡು ಬಿಟ್ಟು ಮಳೆಯಲ್ಲಿ ಕೆಲಸ ಹಿಡಿಸುವವರಿಗೆ ಇದು ಗೊತ್ತಾಗೋದಿಲ್ಲ. ನೂರಡಿಗೆ ಒಂದಡಿಯಾದರೂ ವಾಟ ಇರಬೇಕು. ಗೋಡೆ ತಾರಸಿ ಕೂಡುವ ಮೂಲೆಯನ್ನು ಗುಂಡಗೆ ತಿದ್ದಬೇಕು.

ಸಾವಿರ ಚದರಡಿಯ ಮೇಲೆ ಒಂದೇ ಇಂಚು ನೀರು ನಿಂತರೂ ಸುಮಾರು 2,360 ಕೆಜಿ ಭಾರ. ಹಳೇ ತಾರಸಿ ಅದನ್ನು ಹೊತ್ತುಕೊಂಡೇ ಮಕ್ಕಳ ತಲೆ ಮೇಲೆ ನಿಂತಿರುತ್ತದೆ.

ಮೇಷ್ಟ್ರೇ, ಗೆಳೆಯರೇ, ಕೆಲಸ ಆಯ್ತು ಅಂತ ಸಹಿ ಕೇಳಲು ಬಂದರೆ, ತಾರಸಿ ತಡೆಯುತ್ತೆ ಅಂತ ಇಂಜಿನಿಯರ ಬಾಯಲ್ಲಿ ಹೇಳಿಸಿ, ಕೊಳವೆಯ ಬಾಯಿ ಕಟ್ಟಿಸಿ, ಎರಡು ದಿನ ನೀರು ನಿಲ್ಲಿಸಿ. ಕೆಳಗೆ ನಿಂತು ನೋಡಿ. ಕಂತ್ರಾಟುದಾರ ಒಪ್ಪೋದಿಲ್ಲ. ಕಾಯುವ ಆ ಎರಡು ದಿನದ ಕೂಲಿಯನ್ನು ನಮಗೆ ಅವನು ಕೊಟ್ಟದ್ದೇ ಇಲ್ಲ. ಅದನ್ನೂ ಅಲ್ಲೇ ಕೇಳಿ.