ಸೊಗಡು, ಕೊಸರು

ಮಾಗಿಯ ಚಳಿ ಶುರುವಾಯಿತೆಂದರೆ ಬೆಂಗಳೂರಿನ ಸಂಭಾವಿತ ಗಂಡಸರು ನಡುಬೀದಿಯಲ್ಲಿ ನಿಂತು ತರಕಾರಿ ಮೂಸತೊಡಗುತ್ತಾರೆ. ಬೇರೆ ಯಾವ ತರಕಾರಿಗೂ ಈ ಮರ್ಯಾದೆ ಇಲ್ಲ. ಬೆಂಡೆಕಾಯಿಯ ತುದಿ ಮುರಿದು ನೋಡುತ್ತೇವೆ, ಸೋರೆಕಾಯಿಗೆ ಕದ್ದು ಉಗುರು ಊರುತ್ತೇವೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕುತ್ತೇವೆ, ಕಲ್ಲಂಗಡಿಯ ಬೆನ್ನು ತಟ್ಟುತ್ತೇವೆ. ಅವರೆಕಾಯಿಯನ್ನು ಮಾತ್ರ ಬೊಗಸೆ ತುಂಬ ಎತ್ತಿ, ದೇವರ ಹೂವಿನ ಹಾಗೆ ಮೂಗಿಗೆ ಹಿಡಿದು, ಕಣ್ಣು ಮುಚ್ಚುತ್ತೇವೆ. ದೇವರ ಹೂವನ್ನಾದರೂ ಮೂಸಬಾರದು ಎಂಬ ನಿಯಮವಿದೆ. ಅವರೆಕಾಯಿಗೆ ಅದೂ ಇಲ್ಲ.

ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಗೋಣಿತಾಟು ಹಾಸಿ ಕೂರುವ ಮುದುಕಿಯೊಬ್ಬಳ ಹತ್ತಿರ ನಾನು ಬಹಳ ವರ್ಷಗಳಿಂದ ಅವರೆಕಾಯಿ ಕೊಳ್ಳುತ್ತಿದ್ದೇನೆ. ಅವಳ ಮಾತು ವರ್ಷವರ್ಷವೂ ಅದೇ.

“ಮೂಸ್ನೋಡಿ ಸಾಮಿ, ಮಾಗಡಿ ಕಾಯಿ. ರಾತ್ರಿಯೆಲ್ಲಾ ಇಬ್ಬನಿ ಕುಡಿದೈತೆ.”

“ಹೋದ ವಾರಾನೂ ಇದೇ ಹೇಳಿದ್ಯಲ್ಲಮ್ಮಾ?”

“ಹೋದ ವಾರಾನೂ ಇಬ್ಬನಿ ಬಿದ್ದಿತ್ತಲ್ಲ!”

ಮಾಗಡಿ ನನ್ನ ಸೀಮೆ. ಆ ಹೆಸರು ಹೇಳಿದರೆ ನಾನು ಚೌಕಾಸಿ ಮಾಡುವುದಿಲ್ಲ ಎಂಬುದು ಅವಳಿಗೆ ಗೊತ್ತು. ಕಾಯಿ ಹೊಸಕೋಟೆಯಿಂದ ಬಂದಿದ್ದರೂ ನನ್ನ ಪಾಲಿಗೆ ಅದು ಮಾಗಡಿಯದೇ.

ಅಪ್ಪ ಮಾಗಡಿ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದರು. ವಾರದ ಸಂತೆಗೆ ನನ್ನನ್ನು ಚೀಲ ಹಿಡಿಯಲು ಕರೆದುಕೊಂಡು ಹೋಗುತ್ತಿದ್ದರು. ಅವರ ಪ್ರಕಾರ ಸಂತೆ ಎಂದರೆ ಎರಡು ಸುತ್ತು. ಮೊದಲನೆಯ ಸುತ್ತಿನಲ್ಲಿ ಏನನ್ನೂ ಕೊಳ್ಳುವಂತಿಲ್ಲ. ಬರೀ ನೋಡಬೇಕು, ಬೆಲೆ ಕೇಳಬೇಕು, ಮಳೆ ಬೆಳೆ ವಿಚಾರಿಸಬೇಕು, ಹಳೆಯ ವಿದ್ಯಾರ್ಥಿ ಸಿಕ್ಕರೆ ಅವನ ಮದುವೆಯಾಯಿತೇ ಎಂದು ಕೇಳಬೇಕು. ಕೊಳ್ಳುವುದು ಎರಡನೆಯ ಸುತ್ತಿನಲ್ಲಿ. ಚೀಲ ತುಂಬುವುದಕ್ಕೂ ಒಂದು ಶಾಸ್ತ್ರವಿತ್ತು. ತಳಕ್ಕೆ ಆಲೂಗೆಡ್ಡೆ, ಈರುಳ್ಳಿ. ಅದರ ಮೇಲೆ ಬದನೆ, ಹೀರೆ. ಟೊಮೆಟೊ ಮೇಲಿನ ಮಹಡಿಯಲ್ಲಿ. ಎಲ್ಲಕ್ಕಿಂತ ಮೇಲೆ ಸೊಪ್ಪು. ಕೊತ್ತಂಬರಿ ಸೊಪ್ಪು ಚೀಲದ ಬಾಯಿಂದ ಇಣುಕದಿದ್ದರೆ ಅದು ಸಂತೆಯಿಂದ ಬಂದ ಚೀಲವೇ ಅಲ್ಲ.

ಅವರೆಕಾಯಿಗೆ ಮಾತ್ರ ಬೇರೆಯೇ ಚೀಲ. ಅದನ್ನು ಸೇರಿನಲ್ಲಿ ಅಳೆಯುತ್ತಿದ್ದರು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಪ್ರಕಾರ ಸೇರು, ಪಾವು, ಚಟಾಕುಗಳು ಎಂದೋ ಕಣ್ಣು ಮುಚ್ಚಬೇಕಿತ್ತು. ಶಾಲೆಯಲ್ಲಿ ಅಪ್ಪ ಹುಡುಗರಿಗೆ ಕಿಲೋಗ್ರಾಂ ಕಲಿಸಿ, ಸಂತೆಗೆ ಬಂದು ಸೇರಿನಲ್ಲಿ ಕೊಳ್ಳುತ್ತಿದ್ದರು. ಸೇರಿನ ಕಂಠಕ್ಕೆ ಸಮವಾಗಿ ತುಂಬಿದರೆ ಅದು ಅಳತೆಯೇ ಅಲ್ಲ. ಮೇಲೆ ಗೋಪುರ ಏಳಬೇಕು, ಗೋಪುರದಿಂದ ನಾಲ್ಕು ಕಾಯಿ ಜಾರಿ ಬೀಳಬೇಕು. ಆಮೇಲೆ ಅಪ್ಪ ಚೀಲದ ಬಾಯಿಯನ್ನು ಮುಚ್ಚದೆ ಹಾಗೇ ಹಿಡಿದು ನಿಲ್ಲುತ್ತಿದ್ದರು. ಮಾತಿಲ್ಲ. ಮಾರುವವನು ಬೈದುಕೊಳ್ಳುವಂತೆ ನಟಿಸುತ್ತ ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದ. ಅದೇ ಕೊಸರು. ಸಂಬಳದ ದಿನಕ್ಕಿಂತ ಕೊಸರು ಬಿದ್ದ ಆ ಗಳಿಗೆಯಲ್ಲಿ ಅಪ್ಪನ ಮುಖ ಹೆಚ್ಚು ಅರಳುತ್ತಿತ್ತು.

ಇನ್ನು ಸೊಗಡಿನ ಮಾತು. ನಮ್ಮ ಪುಸ್ತಕ ವಿಮರ್ಶಕರಿಗೆ ಈ ಶಬ್ದ ಬಹಳ ಇಷ್ಟ. ಹಳ್ಳಿಯ ಹೆಸರಿರುವ ಕಾದಂಬರಿ ಕೈಗೆ ಬಂದರೆ ಸಾಕು, ಮಣ್ಣಿನ ಸೊಗಡು ಇದೆ ಎಂದು ಬರೆದುಬಿಡುತ್ತಾರೆ. ಅವರೆಕಾಯಿ ಬಿಡಿಸಿದವರು ಆ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು. ಸೊಗಡು ಸುವಾಸನೆಯಲ್ಲ. ಅದು ಕಾಯಿಯ ಸಿಪ್ಪೆಯ ಮೇಲಿನ ಜಿಡ್ಡು. ಆ ಜಿಡ್ಡಿನಲ್ಲಿರುವ ಕೊಬ್ಬಿನಾಮ್ಲಗಳಿಂದ ಆ ವಾಸನೆ ಎನ್ನುತ್ತಾರೆ ರಸಾಯನ ಶಾಸ್ತ್ರದವರು. ಒಂದಿಷ್ಟು ಕಮಟು, ಒಂದಿಷ್ಟು ಹಸಿರು, ಒಂದಿಷ್ಟು ತುಪ್ಪದ ನೆನಪು. ಬೆರಳಿಗೆ ಅಂಟಿದರೆ ಸೋಪಿಗೆ ಜಗ್ಗುವುದಿಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿ ನಮ್ಮ ತರಗತಿಯಲ್ಲಿ ಯಾರ ನೋಟ್‌ಬುಕ್ ಮೂಸಿದರೂ, ಹಿಂದಿನ ರಾತ್ರಿ ಅವರ ಮನೆಯಲ್ಲಿ ಏನು ನಡೆದಿತ್ತೆಂದು ಹೇಳಬಹುದಿತ್ತು.

ಹಿಂದಿನ ರಾತ್ರಿ ನಡೆಯುತ್ತಿದ್ದುದು ಹೀಗೆ. ಊಟವಾದ ಮೇಲೆ ನಡುಮನೆಯಲ್ಲಿ ಹಳೆಯ ಪೇಪರು ಹರಡಿ, ಅವರೆಕಾಯಿ ಸುರಿದು, ಇಡೀ ಮನೆ ಸುತ್ತ ಕೂರುತ್ತಿತ್ತು. ಕಾಯಿಯೊಳಗೆ ಕಾಳಿನ ಜೊತೆ ಹುಳವೂ ಇರುತ್ತದೆ, ಅದೂ ಹಸಿರು. ಮಕ್ಕಳು ಕಣ್ಣು ತಪ್ಪಿಸಬಾರದೆಂದು ಅಜ್ಜಿ ಹುಳ ಒಂದಕ್ಕೆ ಐದು ಪೈಸೆ ಬಹುಮಾನ ಸಾರಿದ್ದರು. ಒಂದು ರಾತ್ರಿ ನನ್ನ ತಮ್ಮ ಎಪ್ಪತ್ತೈದು ಪೈಸೆ ಗೆದ್ದ. ಒಂದೇ ಹುಳವನ್ನು ಹದಿನೈದು ಸಲ ತಂದು ತೋರಿಸಿದ್ದಾನೆಂದು ಗೊತ್ತಾಗುವ ಹೊತ್ತಿಗೆ ದುಡ್ಡು ಅವನ ಚಡ್ಡಿಯ ಜೇಬು ಸೇರಿತ್ತು. ಅವನು ಮುಂದೆ ಲೆಕ್ಕಪರಿಶೋಧಕನಾದ.

ಬಿಡಿಸಿದ ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ಹಿತಕುವುದು. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನು ಮೆಲ್ಲಗೆ ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಪಿಚಕ್ಕನೆ ಚಿಮ್ಮಬೇಕು, ಪಾತ್ರೆಯೊಳಗೆ. ನಮ್ಮದು ಪಾತ್ರೆ ಬಿಟ್ಟು ಎಲ್ಲ ಕಡೆಗೂ ಹೋಗುತ್ತಿತ್ತು. ಯುಗಾದಿಗೆ ಸುಣ್ಣ ಬಳಿಯುವಾಗ ದೇವರ ಪಟದ ಹಿಂದೆ ಒಣಗಿದ ಹಿತಕಿದಬೇಳೆ ಸಿಕ್ಕಿದ್ದುಂಟು. ಸಿಪ್ಪೆ ಹಸುವಿಗೆ, ಬೇಳೆ ನಮಗೆ. ಎರಡು ಸೇರು ಕಾಯಿ ತಂದು, ಬಿಡಿಸಿ, ನೆನೆಸಿ, ಹಿತಕಿದರೆ ಕೊನೆಗೆ ಉಳಿಯುವುದು ಒಂದು ಸಣ್ಣ ಪಾತ್ರೆ ಬೇಳೆ. ಇಷ್ಟು ಕೈಗಳು ಇಷ್ಟು ಹೊತ್ತು ದುಡಿದ ಸಾರನ್ನು ಯಾರೂ ಗಬಗಬ ತಿನ್ನುತ್ತಿರಲಿಲ್ಲ.

ಆಗ ಅದು ನಮಗೆ ಬರೀ ಚಳಿಗಾಲದ ತಿಂಡಿ. ಅವರೆಯ ವಯಸ್ಸು ನನಗೆ ತಿಳಿದದ್ದು ಬಹಳ ತಡವಾಗಿ. ಇದರ ಕಾಡುಮೂಲ ಆಫ್ರಿಕದಲ್ಲಿದೆ. ಯಾವ ದೋಣಿಯಲ್ಲಿ, ಯಾರ ಗಂಟಿನಲ್ಲಿ ಬಂತೋ, ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದಾಗ ಮೂರು ಸಾವಿರ ವರ್ಷಕ್ಕೂ ಹಿಂದಿನ ಪದರಗಳಲ್ಲಿ ಕರಿಕಲಾದ ಅವರೆಕಾಳು ಸಿಕ್ಕಿದೆ. ಸಾರಿಗೆ ಬೀಳಬೇಕಾದದ್ದು ಒಲೆಗೆ ಬಿದ್ದಿರಬೇಕು. ಹಿತಕುವಾಗ ಯಾವುದೋ ಮಗುವಿನ ಗುರಿ ತಪ್ಪಿತು ಎಂದೇ ನನ್ನ ಊಹೆ. ಆಲೂಗೆಡ್ಡೆ, ಟೊಮೆಟೊ, ಮೆಣಸಿನಕಾಯಿ ಈ ನೆಲಕ್ಕೆ ಬಂದು ಹೆಚ್ಚೆಂದರೆ ಐನೂರು ವರ್ಷವಾಗಿರಬಹುದು. ಅಪ್ಪನ ಚೀಲದಲ್ಲಿ ತಳದಲ್ಲಿದ್ದವರೂ ಮಹಡಿಯಲ್ಲಿದ್ದವರೂ ನಿನ್ನೆ ಮೊನ್ನೆಯ ಬಾಡಿಗೆದಾರರು. ಬೇರೆ ಚೀಲ ಕೇಳುವ ಹಕ್ಕು ಅವರೆಗೆ ಇದ್ದೇ ಇತ್ತು.

ಬೆಂಗಳೂರಿನ ಹೆಸರಿಗೇ ಬೆಂದ ಕಾಳು ಕಾರಣ ಎಂಬ ಕತೆ ಎಲ್ಲರಿಗೂ ಗೊತ್ತು. ಹೊಯ್ಸಳ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿ, ಹಸಿದು, ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳು ತಿಂದನಂತೆ, ಊರು ಬೆಂದಕಾಳೂರಾಯಿತಂತೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ವೀರಗಲ್ಲು ಇದನ್ನು ಒಪ್ಪುವುದಿಲ್ಲ. ಸುಮಾರು 890ರ ಆ ಕಲ್ಲಿನಲ್ಲಿ ಬೆಂಗಳೂರು ಕಾಳಗದ ಮಾತು ಇದೆ. ಬಲ್ಲಾಳ ಪಟ್ಟಕ್ಕೆ ಬಂದದ್ದು ಅದಾಗಿ ಮುನ್ನೂರು ವರ್ಷಕ್ಕೆ ಹತ್ತಿರವಾದ ಮೇಲೆ. ಶಾಸನ ಗೆದ್ದಿದೆ, ಸರಿ. ಆದರೂ ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಗಾಣಿಗರಪೇಟೆ ಎಂದು ಬೀದಿ ಬೀದಿಗೂ ಸಾಮಾನಿನ ಚೀಟಿಯನ್ನೇ ಬರೆದುಕೊಂಡಿರುವ ಈ ಊರಿಗೆ ರಾಜನಿಗಿಂತ ಮುದುಕಿಯ ಕತೆಯೇ ಹೊಂದುತ್ತದೆ.

ನಮ್ಮ ಸೀಮೆಯಲ್ಲಿ ಅವರೆಯನ್ನು ಒಂಟಿಯಾಗಿ ಬಿತ್ತುತ್ತಿದ್ದುದು ಕಡಿಮೆ. ಮುಂಗಾರಿನಲ್ಲಿ ರಾಗಿ ಹಾಕುವಾಗ ನಡುನಡುವೆ ಒಂದೊಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ರಾಗಿ ತೆನೆ ತುಂಬುವವರೆಗೆ ಅವರೆ ಮನೆಗೆ ಬಂದ ಹೊಸ ಸೊಸೆಯ ಹಾಗೆ ತಗ್ಗಿ ಬಗ್ಗಿ ಇರುತ್ತದೆ. ರಾಗಿ ಕುಯ್ಲಾಗಿ ಹೊಲ ತೆರವಾಯಿತೋ, ಹಬ್ಬಿ ಹರಡಿ ಯಜಮಾನಿಯಾಗುತ್ತದೆ. ಮಳೆ ನಿಂತಿದ್ದರೂ ಚಿಂತೆಯಿಲ್ಲ, ನೆಲದ ತೇವ ಮತ್ತು ಇಬ್ಬನಿಯಲ್ಲೇ ಕಾಯಿ ಕಟ್ಟುತ್ತದೆ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿದು ಮಣ್ಣಿಗೂ ಒಂದಿಷ್ಟು ಬಿಟ್ಟು ಹೋಗುತ್ತದೆ. ಅದು ಹೊಲಕ್ಕೆ ಅವರೆ ಕೊಡುವ ಕೊಸರು. ರಾಗಿಮುದ್ದೆಗೆ ಅವರೆಕಾಳು ಸಾರು ಏಕೆ ಅಷ್ಟು ಹೊಂದುತ್ತದೆ ಎಂದು ನಾನು ಬಹಳ ದಿನ ಯೋಚಿಸಿದ್ದೆ. ತಿಂಗಳುಗಟ್ಟಲೆ ಒಂದೇ ಹೊಲದಲ್ಲಿ ಪಕ್ಕಪಕ್ಕ ನಿಂತವರು ತಟ್ಟೆಗೆ ಬಂದ ಮೇಲೆ ಪರಿಚಯ ಮಾಡಿಕೊಳ್ಳಬೇಕೇ?

ಈಗ ನನ್ನದೇ ಒಂದು ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ, ಆಷಾಢದ ಒಂದು ಭಾನುವಾರ, ದೂರದಿಂದ ಬಂದ ಷಡ್ಡಕನಿಗೆ ಹಿತಕಿದಬೇಳೆ ಸಾರು ತಿನ್ನುವ ಆಸೆಯಾಯಿತು. ನನ್ನಾಕೆ “ಈಗೆಲ್ಲಿ ಬರಬೇಕು ಅವರೆ?” ಎಂದಳು. ನಾನು ಜಾಣತನ ತೋರಿಸಲು ಫೋನ್ ತೆಗೆದೆ. ಬಿಡಿಸಿ, ಹಿತಕಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದ ಬೇಳೆ ಹನ್ನೊಂದು ನಿಮಿಷದಲ್ಲಿ ಬಾಗಿಲಿಗೆ ಬಂತು. ಒಂದೇ ಗಾತ್ರ, ಒಂದೇ ಬಣ್ಣ, ಒಂದೂ ಹುಳವಿಲ್ಲ. ಮೂಸಿದೆ. ಫ್ರಿಜ್ಜಿನ ವಾಸನೆ. ಆದರೂ ತೆಂಗಿನಕಾಯಿ, ಕೊತ್ತಂಬರಿ, ಚಕ್ಕೆ ಲವಂಗ ಎಲ್ಲ ರುಬ್ಬಿ ಹಾಕಿ ಸಾರಾಯಿತು. ಷಡ್ಡಕ ಮರ್ಯಾದಸ್ಥ, ಎರಡು ಸಲ ಹಾಕಿಸಿಕೊಂಡ. ಎಂಬತ್ತೆಂಟರ ನನ್ನಮ್ಮ ಮಾತ್ರ ಮುದ್ದೆ ಅದ್ದಿ ನುಂಗಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಸಾರು ಚೆನ್ನಾಗೈತೆ ಕಣೋ. ಯಾವ ಕಾಳು ಹಾಕಿದ್ದೀರಿ?”

ಡಬ್ಬಿ ಕಳಿಸಿದವರದು ತಪ್ಪಿಲ್ಲ. ನಾನು ಕೇಳಿದ್ದನ್ನೇ ಅವರು ಕೊಟ್ಟಿದ್ದರು. ಹಳೆಯ ಅವರೆಗೆ ಹೂ ಬಿಡಲು ಹಗಲು ಕುಗ್ಗಿ ಇರುಳು ಹಿಗ್ಗಬೇಕು. ಜೂನಿನಲ್ಲಿ ಬಿತ್ತಿದರೂ ಅದು ಚಳಿಗಾಲದ ದಾರಿ ಕಾಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹಗಲಿರುಳಿನ ಗೊಡವೆ ಇಲ್ಲದ, ಯಾವ ಕಾಲಕ್ಕೂ ಕಾಯಿ ಬಿಡುವ ಕುಳ್ಳ ಗಿಡಗಳನ್ನು ರೂಪಿಸಿದರು. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂದು ಅವಕ್ಕೆ ಹೆಸರು. ಒಂದೇ ಬೆಳೆಗೆ ಜೋತುಬೀಳದೆ ವರ್ಷವಿಡೀ ನಾಲ್ಕು ಕಾಸು ನೋಡುವ ದಾರಿ ರೈತರಿಗೆ ಅದರಿಂದ ಸಿಕ್ಕಿತು. ಆ ಕೆಲಸಕ್ಕೆ ನನ್ನ ನಮಸ್ಕಾರವಿದೆ. ಆದರೆ ನಾಲಿಗೆ ಕೃತಘ್ನ. ಕಾಯದೆ ಬಂದದ್ದರಲ್ಲಿ ಅದಕ್ಕೆ ಸೊಗಡು ಸಿಗುವುದಿಲ್ಲ.

ಅಂದಿನಿಂದ ನಾನು ಅವರೆಯನ್ನು ಅದರ ಕಾಲಕ್ಕೇ ಬಿಟ್ಟಿದ್ದೇನೆ. ಡಿಸೆಂಬರಿನಿಂದ ಸಂಕ್ರಾಂತಿ ದಾಟುವವರೆಗೆ ನಮ್ಮ ಮನೆಯಲ್ಲಿ ಅವರೆಯದೇ ರಾಜ್ಯಭಾರ. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಇಲ್ಲವೇ ಅಕ್ಕಿರೊಟ್ಟಿ. ಮಧ್ಯಾಹ್ನ ಬದನೆಕಾಯಿ ಅವರೆಕಾಳಿನ ಹುಳಿ. ಸಂಜೆಗೆ ಹುರಿದ ಹಿತಕಿದಬೇಳೆ. ಹಬ್ಬದ ದಿನ ಹುಗ್ಗಿಯಲ್ಲೂ ಅದೇ, ಗೆಣಸು ಕಡಲೆಕಾಯಿಯ ಜೊತೆ ಬೇಯಿಸಿದ ಕಾಯಿಯೂ ಅದೇ. ಹತ್ತು ದಿನಕ್ಕೆ ಮಗಳು “ಅಪ್ಪಾ, ಇವತ್ತಾದರೂ ಬೇರೆ ಏನಾದರೂ?” ಎನ್ನುತ್ತಾಳೆ. ಫೆಬ್ರವರಿಯಲ್ಲಿ ಅವಳೇ “ಇನ್ನು ಸಿಗಲ್ವಾ?” ಎಂದು ಕೇಳುತ್ತಾಳೆ. ಸಾಕು ಸಾಕೆನಿಸಿದ್ದು ಮತ್ತೆ ಬೇಕೆನಿಸಿದಾಗ ಹತ್ತು ತಿಂಗಳು ಕಾಯಬೇಕು.

ಕಳೆದ ಸಲ ಹೋದಾಗ ಮುದುಕಿಯ ಮುಂದೆ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು, ಪಕ್ಕದಲ್ಲಿ ದುಡ್ಡಿನ ಸ್ಕ್ಯಾನರ್ ಹಲಗೆ. ಕೊಸರಿನ ಕಾಲ ಮುಗಿಯಿತು ಎಂದುಕೊಂಡೆ. ಅವಳು ಕಾಯಿ ಸುರಿದಳು. ತಕ್ಕಡಿ ಕೆಂಪಕ್ಷರದಲ್ಲಿ ಸರಿಯಾಗಿ 2.000 ತೋರಿಸಿತು. ನಾನು ಅಪ್ಪನ ಹಾಗೆ ಚೀಲದ ಬಾಯಿ ಮುಚ್ಚದೆ ನಿಂತೆ. ಅವಳು ನನ್ನ ಮುಖ ನೋಡಿದಳು, ಗೊಣಗಿದಳು, ಒಂದು ಹಿಡಿ ಎತ್ತಿ ಹಾಕಿದಳು. ತಕ್ಕಡಿ 2.140 ಎಂದಿತು. “ಅದರ ಮಾತು ಕೇಳಬ್ಯಾಡಿ, ಎರಡು ಕೇಜಿಗೆ ಕೊಡಿ” ಎಂದಳು.

ಶಿವರಾತ್ರಿಯ ಹೊತ್ತಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ. ಸೊಗಡೂ ಅದರ ಹಿಂದೆಯೇ ಹೊರಡುತ್ತದೆ. ಅಷ್ಟರೊಳಗೆ ಒಂದು ಬೆಳಿಗ್ಗೆ ಬಟ್ಟೆಯ ಚೀಲ ಹಿಡಿದು ಹೋಗಿಬನ್ನಿ. ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ. ಎರಡನೆಯ ಸುತ್ತಿನಲ್ಲಿ ಚೀಲದ ಬಾಯಿಯನ್ನು ಬೇಗ ಮುಚ್ಚಬೇಡಿ.