ಅರಕೇರಾದ ಐದು ಕಿಲೋಮೀಟರ್

ನಮ್ಮ ಕಡೆ ಮೂರು ಕಿಲೋಮೀಟರ್ ಓಡಿದರೂ ಅದು ಮ್ಯಾರಥಾನ್. ಏಡ್ಸ್ ಜಾಗೃತಿಗೆ ಒಂದು ಮ್ಯಾರಥಾನ್, ಮತದಾನದ ಜಾಗೃತಿಗೆ ಇನ್ನೊಂದು, ಏಕತಾ ದಿನಕ್ಕೆ ಮತ್ತೊಂದು. ಬಸ್ ನಿಲ್ದಾಣದಿಂದ ಹೊರಟು ಕಾಲೇಜು ಮೈದಾನ ಮುಟ್ಟುವಷ್ಟರಲ್ಲಿ ಮುಗಿದುಹೋಗುವ ಮ್ಯಾರಥಾನುಗಳನ್ನೂ ನಾನು ಓಡಿದ್ದೇನೆ. 42 ಕಿಲೋಮೀಟರ್ 195 ಮೀಟರ್ ಎಂಬ ವಿಚಿತ್ರ ಅಳತೆ 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಹುಟ್ಟಿ 1921ರಲ್ಲಿ ಕಾಯಂ ಆಯಿತು ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಟೀಚರ್ ನಾನು. ಆದರೂ ‘ನಿನ್ನೆ ಮ್ಯಾರಥಾನ್ ಇತ್ತು’ ಎಂದೇ ಮನೆಯಲ್ಲಿ ಹೇಳುತ್ತೇನೆ. ಪದದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಅಳತೆಯ ಬಗ್ಗೆ.

ಅರಕೇರಾ ದೇವದುರ್ಗ ಸೀಮೆಯ ಊರು. ಎರೆ ಹೊಲ, ಹತ್ತಿ, ತೊಗರಿ. ಕಾಲುವೆ ನೀರು ಹತ್ತಿದ ಕಡೆ ಭತ್ತ. ಇಲ್ಲಿ ಓಡುವವರು ಆರೋಗ್ಯಕ್ಕಾಗಿ ಓಡುವುದು ಕಡಿಮೆ. ನಸುಕಿನ ಐದಕ್ಕೆ ರಸ್ತೆಗೆ ಇಳಿಯುವ ಹುಡುಗರ ಕಣ್ಣು ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಮೇಲೆ, ಇಲ್ಲವೆ ಸೈನ್ಯದ ಭರ್ತಿಯ ಮೇಲೆ. ಎರಡರಲ್ಲೂ 1600 ಮೀಟರ್ ಓಟವಿದೆ. ‘ಸಾವಿರದ ಆರುನೂರು’ ಎನ್ನುವುದು ನಮ್ಮೂರಲ್ಲಿ ಸಂಖ್ಯೆಯಾಗಿ ಉಳಿದಿಲ್ಲ, ಒಂದು ಕೆಲಸದ ಹೆಸರಾಗಿದೆ. ‘ಎಲ್ಲಿಗಿ ಹೊಂಟಿ?’ ಎಂದರೆ ‘ಸಾವಿರದ ಆರುನೂರಕ್ಕ’ ಎನ್ನುತ್ತಾರೆ. ಅವರ ಹಿಂದೆ ನಾನು, ಚೂಡಿದಾರದ ಮೇಲೆ ವೇಲು ಬಿಗಿದು, ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟ ಬೂಟು ಹಾಕಿಕೊಂಡು ಓಡುತ್ತಿದ್ದೆ. ಮೊದಲ ವರ್ಷ ದಾರಿಯಲ್ಲಿ ಸಿಕ್ಕ ಮುದುಕಿಯರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಯಾಕವ್ವಾ, ಬಸ್ಸು ಹೋತೇನು?’

ನಾನು ಹೆಸರು ಕೊಟ್ಟ ಮೊದಲ ದೊಡ್ಡ ಓಟ ಜಿಲ್ಲೆಯ ಬೇರೊಂದು ಊರಿನಲ್ಲಿತ್ತು. ವಾಟ್ಸಾಪಿನಲ್ಲಿ ಬಂದ ಚೀಟಿಯ ಪ್ರಕಾರ ಬೆಳಿಗ್ಗೆ ಆರಕ್ಕೆ ಆರಂಭ. ಎದೆಗೆ ಗುಂಡುಪಿನ್ನಿನಿಂದ ಚುಚ್ಚಿಕೊಂಡ ಕಾಗದದ ನಂಬರು ಬೆವರಿಗೆ ಹರಿಯತೊಡಗಿದರೂ ಓಟ ಶುರುವಾಗಲಿಲ್ಲ, ಏಕೆಂದರೆ ಅತಿಥಿಗಳು ಬಂದಿರಲಿಲ್ಲ. ಬಂದಾಗ ಏಳೂ ಮುಕ್ಕಾಲು. ಮೂರು ಭಾಷಣಗಳಾಗಿ ಬಾವುಟ ಬೀಸಿದಾಗ ರಾಯಚೂರಿನ ಬಿಸಿಲು ಹೆಗಲ ಮೇಲೆ ಕೂತಾಗಿತ್ತು. ಗಂಡಸರಿಗೆ ಎಂಟು ಕಿಲೋಮೀಟರ್, ಹೆಂಗಸರಿಗೆ ಐದು. ಈ ಮೂರು ಕಿಲೋಮೀಟರ್ ರಿಯಾಯಿತಿ ನಾವು ಕೇಳಿದ್ದಲ್ಲ. 1928ರ ಒಲಿಂಪಿಕ್ಸ್ ಆದಮೇಲೆ ಹೆಂಗಸರ 800 ಮೀಟರನ್ನೇ ತೆಗೆದುಹಾಕಿ 1960ರವರೆಗೆ ಕಾಯಿಸಿದರು, ಮ್ಯಾರಥಾನಿಗೆ 1984ರವರೆಗೆ. ಅದಕ್ಕೆ ಹೋಲಿಸಿದರೆ ನಮ್ಮವರು ಉದಾರಿಗಳೇ.

ತಿರುಗುವ ಜಾಗದಲ್ಲಿ ಒಬ್ಬ ಹುಡುಗ ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದ. ನಡುವೆ ತಿರುಗಿ ಬಂದವರನ್ನು ಹಿಡಿಯಲು ಅದೇ ಸಾಕ್ಷಿ. ಒಳ್ಳೆಯ ಉಪಾಯ, ಅಗ್ಗದ್ದು ಕೂಡ. ನಾನು ಅಲ್ಲಿ ಮುಟ್ಟುವ ಹೊತ್ತಿಗೆ ರಬ್ಬರ್ ಬ್ಯಾಂಡ್ ಮುಗಿದಿದ್ದವು. ಹುಡುಗ ಸ್ಕೆಚ್ ಪೆನ್ನಿನಿಂದ ಅಂಗೈ ಮೇಲೆ ಗೀಟು ಎಳೆದ. ದಾರಿಯಲ್ಲಿ ನೀರಿರಲಿಲ್ಲ. ಟಂಟಂ, ಟ್ರ್ಯಾಕ್ಟರು, ಜನ ತುಂಬಿದ ಕ್ರೂಸರು ಎಂದಿನಂತೆ ಓಡಾಡುತ್ತಿದ್ದವು. ಒಂದು ಮನೆಯ ಮುಂದೆ ಭಾಂಡೆ ತಿಕ್ಕುತ್ತಿದ್ದ ಹೆಂಗಸು ತಾನಾಗಿ ಎದ್ದು ಬಂದು ತಂಬಿಗೆ ನೀರು ಕೊಟ್ಟಳು. ಕೊನೆಯವಳಾಗಿ ಮೈದಾನಕ್ಕೆ ಬಂದಾಗ ಗೆರೆಯ ಮೇಲೆ ಯಾರೂ ಇರಲಿಲ್ಲ. ರಿಬ್ಬನ್ನು ಕಟ್ಟಿದ ಕೋಲು ಕಿತ್ತಿದ್ದರು. ವೇದಿಕೆಯ ಮೇಲೆ ಬಹುಮಾನ ಹಂಚುತ್ತಿದ್ದರು. ಎಷ್ಟು ಹೊತ್ತಿಗೆ ಬಂದೆ ಎಂದು ಕೇಳಲು ಯಾರನ್ನಾದರೂ ಹುಡುಕಿದೆ. ಮೇಜಿನ ಹಿಂದೆ ಕೂತಿದ್ದವರೊಬ್ಬರು ‘ಮೊದಲ ಮೂರು ಮಂದೀದು ಅಷ್ಟೇ ಬರದೀವ್ರಿ ಮೇಡಂ’ ಎಂದರು. ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ನಾಲ್ಕನೆಯವರಿಂದ ಮುಂದಿನವರನ್ನು ಬರೆದುಕೊಳ್ಳುವುದು ಯಾಕೆಂದು ಅವರಿಗೆ ನಿಜವಾಗಿಯೂ ಹೊಳೆದಿರಲಿಲ್ಲ.

ಆಮೇಲೆ 1904ರ ಸೇಂಟ್ ಲೂಯಿಸ್ ಒಲಿಂಪಿಕ್ ಮ್ಯಾರಥಾನಿನ ಬಗ್ಗೆ ಓದಿ ನಗು ಬಂತು. ಆಗಸ್ಟ್ 30ರ ಸೆಖೆ, ಮಧ್ಯಾಹ್ನದ ಓಟ, ಮಣ್ಣಿನ ರಸ್ತೆ, ಓಟಗಾರರ ಮುಂದೆಯೂ ಹಿಂದೆಯೂ ಧೂಳೆಬ್ಬಿಸುವ ಕಾರುಗಳು, ಒಂದೆರಡು ಕಡೆ ಮಾತ್ರ ನೀರು. ಹೊರಟವರು 32, ಮುಟ್ಟಿದವರು 14. ಮೊದಲು ಬಂದವನು ಅರ್ಧಕ್ಕಿಂತ ತುಸು ಕಡಿಮೆ ದಾರಿಯನ್ನು ಕಾರಿನಲ್ಲಿ ಕ್ರಮಿಸಿದ್ದನೆಂದು ಗೊತ್ತಾಗಿ ಅವನನ್ನು ಹೊರಹಾಕಿದರು. ದಕ್ಷಿಣ ಆಫ್ರಿಕಾದ ಲೆನ್ ಟಾವ್ ಎಂಬವನನ್ನು ನಾಯಿಗಳು ದಾರಿ ಬಿಟ್ಟು ಅಟ್ಟಿದವು. ಆದರೂ ಒಂಬತ್ತನೆಯವನಾಗಿ ಬಂದ. ನಾಯಿಯ ವಿಷಯದಲ್ಲಿ ಅರಕೇರಾದ ಯಾವ ಓಟಗಾರನೂ ಅವನ ಸಂಕಟವನ್ನು ಅರ್ಥಮಾಡಿಕೊಳ್ಳಬಲ್ಲ. ನನಗೆ ಹಿಡಿಸಿದ್ದು ಬೇರೆಯದೇ. ಅಷ್ಟು ಅವಾಂತರದ ಓಟದಲ್ಲೂ ಒಂಬತ್ತನೆಯವನ ಹೆಸರನ್ನು ಯಾರೋ ಬರೆದಿಟ್ಟಿದ್ದರು.

‘ನಮ್ಮ ಜನಕ್ಕೆ ಇಂಥದ್ದೆಲ್ಲ ಬರೋದಿಲ್ಲ’ ಎಂದು ನಮ್ಮವರೇ ಹೇಳುವುದುಂಟು. ಅದು ಸುಳ್ಳು. ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ನಡೆಯುವ ಮುಂಗಾರು ಸಾಂಸ್ಕೃತಿಕ ಹಬ್ಬಕ್ಕೆ ಹೋಗಿ ನೋಡಿ. ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ. ಒಂದೂವರೆ ಟನ್ನಿನ ಕಲ್ಲಿಗೆ ಒಂದು ದಿನ, ಎರಡಕ್ಕೆ, ಎರಡೂವರೆಗೆ ಬೇರೆ ದಿನ. ಆಂಧ್ರ, ತೆಲಂಗಾಣದಿಂದೆಲ್ಲ ಜೋಡಿಗಳು ಬರುತ್ತವೆ. ಅಂಕಣವನ್ನು ಮೊದಲೇ ಹದ ಮಾಡಿರುತ್ತಾರೆ. ಕೈಯಲ್ಲಿ ಗಡಿಯಾರ ಹಿಡಿದವರು, ಟೇಪು ಹಿಡಿದವರು ಬೇರೆ ಬೇರೆ. ಕೊಟ್ಟ ಹೊತ್ತು ಮುಗಿದೊಡನೆ ಕಲ್ಲು ನಿಂತ ಜಾಗಕ್ಕೆ ಟೇಪು ಬರುತ್ತದೆ, ಧ್ವನಿವರ್ಧಕದಲ್ಲಿ ಅಡಿ, ಇಂಚು ಎಲ್ಲ ಕೂಗುತ್ತಾರೆ. ಒಂದು ಇಂಚಿಗೆ ತಂಟೆಯಾದರೆ ಮತ್ತೆ ಅಳೆಯುತ್ತಾರೆ. ಅಳೆಯುವುದು ನಮಗೆ ಬರುತ್ತದೆ. ಎತ್ತಿನ ಹಿಂದೆ ಒಡೆಯನ ಮರ್ಯಾದೆ, ಹಣ ಎರಡೂ ಇರುವುದರಿಂದ ಟೇಪು ಹೊರಬರುತ್ತದೆ. ಓಡುವ ಹುಡುಗಿಯ ಹಿಂದೆ ಯಾರಿದ್ದಾರೆ?

ಬೆಂಗಳೂರಿನ 10ಕೆ ಓಡಲು ಹೋದದ್ದು 2024ರ ಏಪ್ರಿಲ್ 28ರಂದು. 2008ರಿಂದ ನಡೆಯುತ್ತಿರುವ ಓಟ. ಜಗತ್ತಿನ ದೊಡ್ಡ ಓಟಗಾರರು ಬರುವಂಥದ್ದು. ಕೀನ್ಯಾದ ಐರೀನ್ ಚೆಪ್ಟೈ 2022ರಲ್ಲಿ ಅಲ್ಲಿ ಹತ್ತು ಕಿಲೋಮೀಟರನ್ನು 30 ನಿಮಿಷ 35 ಸೆಕೆಂಡಿನಲ್ಲಿ ಮುಗಿಸಿದ್ದರು. ಪ್ರವೇಶ ಶುಲ್ಕ, ರೈಲು, ಒಂದು ರಾತ್ರಿಯ ಕೋಣೆ ಸೇರಿ ನಮ್ಮ ಕಡೆ ಹತ್ತಿ ಬಿಡಿಸುವವಳೊಬ್ಬಳ ಎರಡು ವಾರದ ಕೂಲಿಯನ್ನು ನಾನು ಖರ್ಚು ಮಾಡಿದ್ದೆ. ಆ ಲೆಕ್ಕ ತಲೆಯಿಂದ ಹೋಗಲಿಲ್ಲ. ಆದರೆ ಹಲಸೂರು ಕೆರೆಯ ಹತ್ತಿರ ಒಬ್ಬ ಪೊಲೀಸಪ್ಪ ನನಗಾಗಿ, ಅಂದರೆ ಅರಕೇರಾದಿಂದ ಬಂದ ಒಬ್ಬ ಟೀಚರ್‌ಗಾಗಿ, ಕಾರುಗಳ ಸಾಲನ್ನೇ ಕೈಯೆತ್ತಿ ನಿಲ್ಲಿಸಿದ್ದನ್ನು ಕಂಡು ಗಂಟಲು ಕಟ್ಟಿತು. ನೀರಿನ ಮೇಜುಗಳಲ್ಲಿ ಹುಡುಗರು ಬಾಟಲಿ ಹಿಡಿದು ನಿಂತಿದ್ದರು. ನಂಬರಿನ ಹಿಂದೆ ಅಂಟಿಸಿದ್ದ ಚಿಪ್ಪು ನಾನು ಗೆರೆ ದಾಟಿದ ಕ್ಷಣದಿಂದ ಲೆಕ್ಕ ಹಿಡಿಯುತ್ತದೆ. ಸಾವಿರಾರು ಜನರ ಹಿಂದೆ ನಿಂತು ತಡವಾಗಿ ಹೊರಟರೂ ನನ್ನ ಸಮಯ ನನ್ನದೇ. 1 ಗಂಟೆ 9 ನಿಮಿಷ 40 ಸೆಕೆಂಡು. ಮೊಬೈಲಿಗೆ ಬಂದ ಆ ಸಂದೇಶವನ್ನು ಇನ್ನೂ ಅಳಿಸಿಲ್ಲ.

ಮರಳಿ ಬರುವಾಗ ರೈಲಿನಲ್ಲಿ ಹತ್ತಿರ ಕೂತಿದ್ದ ಹಿರಿಯ ಓಟಗಾರರೊಬ್ಬರು ರಸ್ತೆಯನ್ನು ಅಳೆಯುವ ಬಗೆ ಹೇಳಿದರು. ಕಾರಿನ ಮೀಟರ್, ಬೈಕಿನ ಮೀಟರ್, ಮೊಬೈಲಿನ ಜಿಪಿಎಸ್ ಯಾವುದೂ ನಡೆಯದು. ಜಗತ್ತಿನ ಎಲ್ಲ ದೊಡ್ಡ ಓಟಗಳ ರಸ್ತೆಯನ್ನು ಇಂದಿಗೂ ಸೈಕಲ್ಲಿನಲ್ಲೇ ಅಳೆಯುತ್ತಾರೆ. ಅಮೆರಿಕದ ಅಲನ್ ಜೋನ್ಸ್ 1970ರ ದಶಕದ ಆರಂಭದಲ್ಲಿ ಮಾಡಿದ ಸಣ್ಣ ಎಣಿಕೆ ಯಂತ್ರವೊಂದನ್ನು ಮುಂದಿನ ಗಾಲಿಗೆ ಸಿಕ್ಕಿಸುತ್ತಾರೆ. ಮೊದಲು ಉಕ್ಕಿನ ಟೇಪಿನಿಂದ ನೇರ ರಸ್ತೆಯ ಒಂದು ತುಂಡನ್ನು ಅಳೆದು, ಅದರ ಮೇಲೆ ಸೈಕಲ್ ಹೊಡೆದು ಗಾಲಿಯ ಲೆಕ್ಕ ಹಿಡಿಯಬೇಕು. ಆಮೇಲೆ ಓಟದ ದಾರಿಯಲ್ಲಿ, ತಿರುವಿನಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ಹಾದಿಯಲ್ಲೇ ಹೋಗಬೇಕು. ಕೊನೆಗೆ ಸಾವಿರಕ್ಕೆ ಒಂದರಂತೆ ಹೆಚ್ಚು ಸೇರಿಸಬೇಕು. ಹತ್ತು ಕಿಲೋಮೀಟರಿಗೆ ಹತ್ತು ಮೀಟರ್. ಓಟಗಾರ ಹೆಚ್ಚು ಓಡಿದರೆ ಅಡ್ಡಿಯಿಲ್ಲ, ಕಡಿಮೆ ಓಡಿದೆನೆಂಬ ಮಾತು ಬರಬಾರದು.

ಇದರಲ್ಲಿ ನಮಗೆ ಸಿಗದ ವಸ್ತು ಯಾವುದಿದೆ? ಎಣಿಕೆ ಯಂತ್ರ ಒಂದೇ. ಶಾಲೆಯ ಟೇಪು ತಂದು, ಹುಡುಗರನ್ನು ಕರೆದು, ನೇರ ರಸ್ತೆಯಲ್ಲಿ 300 ಮೀಟರಿಗೆ ಸುಣ್ಣದ ಗುರುತು ಹಾಕಿದೆವು. ಗಾಲಿಯ ಕಡ್ಡಿಗೆ ಕೆಂಪು ದಾರ ಕಟ್ಟಿ ಸುತ್ತು ಎಣಿಸಿದೆವು: 136, ಮೇಲೆ ಅರ್ಧಕ್ಕೆ ತುಸು ಕಡಿಮೆ. ಐದು ಕಿಲೋಮೀಟರಿಗೆ, ಸಾವಿರಕ್ಕೊಂದು ಸೇರಿಸಿ, 2275 ಸುತ್ತು. ಎಣಿಕೆ ತಪ್ಪದಂತೆ ನೂರು ಸುತ್ತಿಗೊಮ್ಮೆ ಒಂದು ಹುಣಸೆಬೀಜ ಎಡ ಕಿಸೆಯಿಂದ ಬಲ ಕಿಸೆಗೆ ಹಾಕುವುದು. ಊರಲ್ಲಿ ಎಲ್ಲರೂ ‘ಐದು ಕಿಲೋಮೀಟರ್’ ಎನ್ನುತ್ತಿದ್ದ ದಾರಿ ಹತ್ತೊಂಬತ್ತೂ ಚಿಲ್ಲರೆ ಬೀಜಕ್ಕೆ ಮುಗಿದುಹೋಯಿತು. ಅಂದರೆ ನಾಲ್ಕು ಕಿಲೋಮೀಟರ್ ಮುನ್ನೂರು ಮೀಟರಿಗೂ ಕಡಿಮೆ. ಎಲ್ಲರೂ ನಕ್ಕರು.

ನಗು ನಿಂತದ್ದು ಹುಡುಗರ ‘ಸಾವಿರದ ಆರುನೂರ’ನ್ನು ಅಳೆದಾಗ. ಸಿಡಿಯಿಂದ ಬೇವಿನ ಗಿಡದವರೆಗೆ ಯಾರೋ ಎಂದೋ ಬೈಕಿನ ಮೀಟರ್ ನೋಡಿ ಗುರುತು ಮಾಡಿದ ದಾರಿ. 1480 ಮೀಟರ್ ಬಂತು. ಎರಡನೇ ಸಲ ಅಳೆದರೂ ಅಷ್ಟೇ. ನಮ್ಮ ಓಣಿಯ ಹುಡುಗನೊಬ್ಬ ವರ್ಷಗಟ್ಟಲೆ ಅದರ ಮೇಲೆ ಓಡಿ 5 ನಿಮಿಷ 20 ಸೆಕೆಂಡಿಗೆ ಮುಟ್ಟುತ್ತಿದ್ದ. ಸೈನ್ಯದ ಭರ್ತಿಯಲ್ಲಿ ಅವನು ಹೋದಾಗಿನ ನಿಯಮ ಹೀಗಿತ್ತು: 5 ನಿಮಿಷ 30 ಸೆಕೆಂಡಿನೊಳಗೆ ಬಂದರೆ 60 ಅಂಕ, 5 ನಿಮಿಷ 45ರೊಳಗೆ 48, ಅದು ದಾಟಿದರೆ ಮನೆಗೆ. ಅವನು ನಗುನಗುತ್ತಾ ಹೋಗಿದ್ದ. ಹಗ್ಗ ಅಡ್ಡ ಬಿದ್ದಾಗ ಹಗ್ಗದ ಆಚೆ ಬದಿಯಲ್ಲಿದ್ದ. ಬಂದ ಮೇಲೆ ಎದೆ ಬಡಿತ ಹೆಚ್ಚಾಯಿತು, ಗದ್ದಲಕ್ಕೆ ಹೆದರಿದೆ ಎಂದೆಲ್ಲ ತನ್ನನ್ನೇ ಬೈದುಕೊಂಡ. ಮನೆಯವರೂ ಬೈದರು. ಅವನ ವೇಗವನ್ನು 1600ಕ್ಕೆ ಹಾಕಿ ಲೆಕ್ಕ ಮಾಡಿ ನೋಡಿದೆ: 5 ನಿಮಿಷ 46 ಸೆಕೆಂಡು. ಅವನು ಹೆದರಿಯೂ ಇರಲಿಲ್ಲ, ಕುಗ್ಗಿಯೂ ಇರಲಿಲ್ಲ. ಎಂದಿನಂತೆಯೇ ಓಡಿದ್ದ. ಈಗ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕಿದ್ದಾನೆ. ಫೋನು ಮಾಡಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಹಂಗಾರ ಒಂದು ಸೆಕೆಂಡಿನ್ಯಾಗ ಹೋತೇನ್ರಿ ಟೀಚರ್’ ಎಂದ.

ಇಂಥ ಮಾತಿಗೆ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ನೆನಪಾಗುತ್ತಾರೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ದೂರದ ಓಟ ಓಡುತ್ತಿದ್ದ ರೈತಾಪಿ ಹುಡುಗರನ್ನು ಕಂಡ ದೊರಾಬ್ಜಿ ಟಾಟಾ, ಇವರನ್ನು ಒಲಿಂಪಿಕ್ಸಿಗೆ ಕಳಿಸಬೇಕೆಂದು ಹಟ ಹಿಡಿದರು. ಒಲಿಂಪಿಕ್ಸಿನಲ್ಲಿ ನೂರು ಮೀಟರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದಾಗ ಜಿಮ್‌ಖಾನಾದ ಪ್ರಮುಖರೊಬ್ಬರು ‘ಒಂದೆರಡು ನಿಮಿಷ’ ಎಂದರಂತೆ; ಅದು ಸೆಕೆಂಡುಗಳ ಲೆಕ್ಕ ಎಂದು ತಿಳಿದು ಬೆಚ್ಚಿದರಂತೆ. ನಮಗಿಂತ ಬಹಳ ಮುಂದಿರಲಿಲ್ಲ ಅವರೂ. ಆದರೆ ಕಲಿತರು. 1920ರ ಆಂಟ್‌ವರ್ಪ್ ಮ್ಯಾರಥಾನಿನಲ್ಲಿ ಚೌಗುಲೆ 19ನೆಯವರಾಗಿ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಬಂದರು. ಆ ವರ್ಷದ ದಾರಿ 42 ಕಿಲೋಮೀಟರ್ 750 ಮೀಟರ್ ಇತ್ತೆಂಬುದೂ ದಾಖಲಾಗಿದೆ. ಜೊತೆಗೆ ಓಡಿ ಮುಗಿಸಲಾಗದ ಸದಾಶಿವ ದಾತಾರರ ಹೆಸರೂ ಇದೆ. ಮೊದಲ ಮೂವರನ್ನಷ್ಟೇ ಬರೆದುಕೊಂಡಿದ್ದರೆ ಇಬ್ಬರೂ ಇರುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅರಕೇರಾದಲ್ಲಿ ನಾವೇ ಒಂದು ಓಟ ಇಟ್ಟೆವು. ಅಳೆದ ಐದು ಕಿಲೋಮೀಟರ್, ಗಂಡಸರಿಗೂ ಹೆಂಗಸರಿಗೂ ಅಷ್ಟೇ. ಅತಿಥಿಗಳಿಲ್ಲ, ಈ ಒಂದು ತೀರ್ಮಾನದಿಂದ ಒಂದೂ ಮುಕ್ಕಾಲು ಗಂಟೆ ಉಳಿಯಿತು. ಬಹುಮಾನವೂ ಇಲ್ಲ ಎಂದಾಗ ‘ಹಂಗಾರ ಯಾರು ಬರ್ತಾರ’ ಎಂದವರಿದ್ದರು. 64 ಜನ ಬಂದರು. ಪೊಲೀಸರಿಗೆ ಒಂದು ವಾರ ಮೊದಲೇ ಅರ್ಜಿ ಕೊಟ್ಟಿದ್ದರಿಂದ ಇಬ್ಬರು ಬಂದು ಕ್ರಾಸಿನಲ್ಲಿ ನಿಂತರು. ರಸ್ತೆಬದಿಯ ನಾಲ್ಕು ಮನೆಯವರು ಅಂಗಳದಲ್ಲಿ ಕೊಡ, ತಂಬಿಗೆ ಇಟ್ಟರು. ಒಬ್ಬಜ್ಜಿ ಮಜ್ಜಿಗೆಯನ್ನೇ ಮಾಡಿಟ್ಟಿದ್ದಳು, ಓಡುವಾಗ ಅದು ಕುಡಿಯಬಾರದೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ನಾಯಿ ಹೆಚ್ಚಿರುವ ಕಡೆ ಅವು ಗುರುತು ಹಿಡಿಯುವ ಹುಡುಗನೊಬ್ಬನನ್ನು ಬಿಸ್ಕತ್ತಿನ ಪೊಟ್ಟಣ ಕೊಟ್ಟು ನಿಲ್ಲಿಸಿದೆವು. ಲೆನ್ ಟಾವ್‌ನ ಹೆಸರಲ್ಲಿ.

ಗೆರೆಯ ಹತ್ತಿರ ಮೂವರು. ಒಬ್ಬ ಮೊಬೈಲ್ ನೋಡಿ ಹೊತ್ತು ಕೂಗುವುದು, ಒಬ್ಬ ನಂಬರು ಕೂಗುವುದು, ನಾನು ಹಾಜರಿ ಪುಸ್ತಕದಲ್ಲಿ ಬರೆಯುವುದು. ಮೊದಲನೆಯವನು 17 ನಿಮಿಷ 52 ಸೆಕೆಂಡಿಗೆ ಬಂದ. ನಲವತ್ತು ನಿಮಿಷ ದಾಟಿದ ಮೇಲೆ ಬಿಸಿಲೇರಿತು, ಜನ ಕರಗತೊಡಗಿದರು. ನಾವು ಎದ್ದಿರಲಿಲ್ಲ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ಚಪ್ಪಲಿ ಕೈಯಲ್ಲಿ ಹಿಡಿದು, ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದ ನಮ್ಮ ಹುಡುಗನ ಜೊತೆ ಜಗಳ ಮಾಡುತ್ತಾ ಬಂದಳು. ನಡುವೆ ಸೈಕಲ್ ಹತ್ತು ಎಂದು ಅವನು ಹೇಳಿದ್ದನಂತೆ. 51 ನಿಮಿಷ 8 ಸೆಕೆಂಡು. ಬರೆದೆ. ಅವಳು ಬಗ್ಗಿ ಪುಸ್ತಕ ನೋಡಿ, ‘8 ಸೆಕೆಂಡು ಬರದೀರೇನು?’ ಎಂದು ಖಾತ್ರಿ ಮಾಡಿಕೊಂಡಳು. ಮಜ್ಜಿಗೆಯ ಅಜ್ಜಿ ‘ಎಷ್ಟನೇದಾಕಿ ಬಂದಿ?’ ಎಂದು ಕೇಳಿದ್ದಕ್ಕೆ ‘ಐವತ್ತೊಂದು ನಿಮಿಷ’ ಎಂದಳು.

ಬೇಸಿಗೆ ಕಳೆದ ಮೇಲೆ ಮತ್ತೊಂದು ಓಟ ಇಡಬೇಕೆಂದಿದ್ದೇವೆ. ಈ ನಡುವೆ ರಸ್ತೆ ಅಗಲ ಮಾಡಲು ಸಿಡಿ ಒಡೆದಿದ್ದಾರೆ, ಬೇವಿನ ಗಿಡಕ್ಕೂ ಕೆಂಪು ಗುರುತು ಬಿದ್ದಿದೆ. ಸುಣ್ಣದ ಗೆರೆಗಳೆಲ್ಲ ಕಂಕರಿನ ಕೆಳಗೆ ಹೋಗಿವೆ. ಡಾಂಬರು ಆರಿದ ಮೇಲೆ ಮೊದಲಿನಿಂದ ಅಳೆಯಬೇಕು. ಹುಣಸೆಬೀಜ ಡಬ್ಬಿಯಲ್ಲಿವೆ.